ಬೆಳಕು ಎತ್ತಗಿಂದ ಬತ್ತದೆ

ಸುದ್ದಿ ಬಂದಾಗ ನಾನು ಚಾಮರಾಜನಗರದ ಅಂಗಡಿಯಲ್ಲಿ ಕೂತು ಒಂದು ಮದುವೆ ಫ್ಲೆಕ್ಸಿನ ಅಕ್ಷರಗಳಿಗೆ ನೆರಳು ಕೊಡುತ್ತಿದ್ದೆ. ಫೋನಿನಲ್ಲಿ ಅಣ್ಣನ ಹೆಂಡತಿ, 'ನಿಮ್ಮಣ್ಣ ಓಗ್ಬುಟ್ರು ಕಣಮ್ಮಿ' ಅಂದರು.

'ಯಾವಾಗಕ್ಕ?'

'ಬೆಳಿಗ್ಗೆ. ಕಾಫಿ ಲೋಟ ಕೆಳಗಿಟ್ರು. ಅಂಗೇ ಗೋಡೆಗೆ ಒರಗಿಬುಟ್ರು.'

ಫೋನ್ ಇಟ್ಟೆ. ವರನ ಹೆಸರಿಗೆ ನೆರಳು ಕೊಟ್ಟಾಗಿತ್ತು, ವಧುವಿನ ಹೆಸರು ಬಾಕಿ ಇತ್ತು. ಅದಕ್ಕೂ ಕೊಟ್ಟೆ. ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಆ ಎರಡು ಹೆಸರುಗಳ ನೆರಳು ಒಂದೇ ಕಡೆ ಬಿದ್ದಿದೆಯೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿತ್ತು. ಅಳು ಬರಲಿಲ್ಲ. ಆಮೇಲೂ ಬಂದಿಲ್ಲ.

ಅವರು ನನ್ನ ಒಡಹುಟ್ಟಿದವರಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಒಂದು ಮಹಡಿಯ ಮೇಲೆ, ಬೋರ್ಡು ಬ್ಯಾನರುಗಳ ಡಿಸೈನ್ ಮಾಡುವ ಸಣ್ಣ ಅಂಗಡಿ ಅವರದು. ಅಲ್ಲಿ ನಾನು ನಾಲ್ಕು ವರ್ಷ ಕೆಲಸಕ್ಕಿದ್ದೆ. ನಮ್ಮೂರು ಕುದೇರು, ಗುಂಡ್ಲುಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಸೇರಿದ ದಿನ ನಾನು 'ಸರ್' ಎಂದಾಗ ಅವರು ಬಾಗಿಲ ಕಡೆ ತಿರುಗಿ ನೋಡಿ, 'ಯಾರೂ ಬಂದಿಲ್ವಲ್ಲಮ್ಮಿ, ಯಾರ್ನ ಕರ್ದೆ?' ಅಂದಿದ್ದರು. ಅವತ್ತಿನಿಂದ ಅಣ್ಣ ಎಂದೇ ಕರೆದೆ. ಅವರಿಗಾಗ ನಲವತ್ತು ದಾಟಿತ್ತು.

ಹಾಲುತುಪ್ಪ ಬಿಟ್ಟ ದಿನ ಅಕ್ಕ ನನ್ನನ್ನು ಒಳಕ್ಕೆ ಕರೆದರು. 'ತಿಥಿಗೊಂದು ಫೋಟೋ ಬೇಕು ಕಣಮ್ಮಿ. ಊರೋರಿಗೆಲ್ಲ ಸತ್ತೋರ ಫೋಟೋ ಮಾಡ್ಕೊಟ್ರು. ಮನೇಲಿ ಅವರ್ದೇ ಒಂದಿಲ್ಲ.' ಟ್ರಂಕಿನಲ್ಲಿ ಹುಡುಕಿದರೆ ಸಿಕ್ಕಿದ್ದು ಎರಡು. ಒಂದು ಮದುವೆಯದು, ಕಪ್ಪು ಬಿಳುಪು, ಅರ್ಧ ಮುಖವನ್ನು ಬಾಸಿಂಗವೇ ಮುಚ್ಚಿತ್ತು. ಇನ್ನೊಂದು ಮತದಾರರ ಚೀಟಿಯದು. ಅದನ್ನು ಅಕ್ಕ ಒಂದು ಗಳಿಗೆ ನೋಡಿ ಪಕ್ಕಕ್ಕಿಟ್ಟರು. 'ಇದ್ರೊಳಗಿರೋರು ಯಾರೋ ನಂಗೊತ್ತಿಲ್ಲ. ನೀನೇ ಏನಾದ್ರೂ ಮಾಡು. ಅವ್ರ ಕೈಲಿ ಕಲ್ತೋಳು ನೀನೊಬ್ಳೇ. ಮಕ ಇಲ್ದೆ ತಿಥಿ ಎಂಗ್ ಮಾಡ್ಲಿ?' ಎಂದು ಅಂಗಡಿಯ ಬೀಗದ ಕೈ ಕೊಟ್ಟರು. ತಿಥಿಗೆ ಎಂಟು ದಿನವಿತ್ತು.

ಅವರು ಮೊದಲು ಬ್ರಶ್ಶಿನಲ್ಲಿ ಬೋರ್ಡು ಬರೆಯುತ್ತಿದ್ದವರು. ಲಾರಿಯ ಹಿಂದಿನ ಹಲಗೆ, ರೋಲಿಂಗ್ ಶಟರು, ಸೊಸೈಟಿಯ ಗೋಡೆ. ಕೇರಳದ ಕಡೆ ಹೋಗುವ ಗಾಡಿಗಳಿಗಾಗಿ ಹೋಟೆಲಿನವರು ಮಲಯಾಳದಲ್ಲೂ ಬರೆಸುತ್ತಿದ್ದರು. ಓದಲು ಬಾರದ ಆ ಅಕ್ಷರಗಳನ್ನು ಅವರು ರಂಗೋಲಿಯ ಹಾಗೆ ನೋಡಿಕೊಂಡು ಬರೆಯುತ್ತಿದ್ದರಂತೆ. ದೊಡ್ಡ ಅಕ್ಷರ ಬರೆದು, ಒಣಗಲು ಬಿಟ್ಟು, ಆಮೇಲೆ ಅದರ ಪಕ್ಕದಲ್ಲಿ ನೆರಳು ಬರೆಯಬೇಕು. ಒಂದು ಬೋರ್ಡಿನ ನೆರಳಿಗೆ ಅರ್ಧ ದಿನ.

ಫ್ಲೆಕ್ಸ್ ಬಂದ ಹೊಸದರಲ್ಲಿ ಮೈಸೂರಿನಲ್ಲಿ ಯಾರೋ ಅವರಿಗೆ ಕಂಪ್ಯೂಟರ್ ತೋರಿಸಿದರಂತೆ. ಪರದೆಯ ಮೇಲೆ ಒಂದು ಅಕ್ಷರ. ಮೌಸಿನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದ ಕೂಡಲೇ ಅಕ್ಷರದ ಕೆಳಗೆ ನೆರಳು ಬಂತು. ಟಿಕ್ ತೆಗೆದರೆ ಹೋಯಿತು. 'ಇನ್ನೊಂದ್ಸಲ ತೋರ್ಸಿ ಅಂದೆ ಕಣಮ್ಮಿ. ತೋರ್ಸಿದ್ರು. ಮತ್ತೊಂದ್ಸಲ ಅಂದೆ. ಅವ್ರಿಗೆ ಬ್ಯಾಸರ ಆಗೋಯ್ತು' ಎಂದು ನಗುತ್ತಾ ಹೇಳಿದ್ದರು. ಅದರ ಮುಂದಿನದನ್ನು ಹೇಳಿದ್ದು ಅಕ್ಕ. ಅವತ್ತು ಮನೆಗೆ ಬಂದವರು ಬ್ರಶ್ಶುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಊಟ ಬೇಡವೆಂದು ಮಲಗಿದ್ದರಂತೆ. ಮೂರು ತಿಂಗಳಲ್ಲಿ ಹಳೆಯ ಕಂಪ್ಯೂಟರೊಂದು ಅಂಗಡಿಗೆ ಬಂತು.

ಬೋರ್ಡು ಬರೆಯುವವರು ಎಡಗೈ ಮುಷ್ಟಿ ಕಟ್ಟಿ ಗೋಡೆಗೆ ಊರಿ, ಅದರ ಮೇಲೆ ಬಲಗೈ ಮಣಿಕಟ್ಟು ಇಡುತ್ತಾರೆ, ಬ್ರಶ್ಶು ನಡುಗಬಾರದೆಂದು. ಮೌಸ್ ಹಿಡಿದಾಗಲೂ ಅವರು ಹಾಗೇ ಕೂರುತ್ತಿದ್ದರು, ಎಡಗೈ ಮುಷ್ಟಿಯನ್ನು ಬಲಗೈ ಮಣಿಕಟ್ಟಿನ ಕೆಳಗಿಟ್ಟುಕೊಂಡು. ಕೀಬೋರ್ಡ್ ಒತ್ತಲು ಕೈ ಖಾಲಿ ಇರುತ್ತಿರಲಿಲ್ಲ. 'ಆ ಕಂಟ್ರೋಲೊಂದು ಒತ್ಕಮ್ಮಿ' ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಒತ್ತಿ ಹಿಡಿದಿರುತ್ತಿದ್ದೆ.

ನಾನು ಚಾಮರಾಜನಗರದಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ. ಕಲಿತದ್ದನ್ನೆಲ್ಲ ತೋರಿಸಬೇಕೆಂದು ಮೊದಲ ದಿನವೇ 'ಹಾರ್ದಿಕ ಶುಭಾಶಯಗಳು' ಎಂದು ಬರೆದು, ಇದ್ದ ಎಫೆಕ್ಟುಗಳನ್ನೆಲ್ಲ ಹಾಕಿದೆ. ನೆರಳು, ಉಬ್ಬು, ಸುತ್ತ ಹೊಳಪು, ಬಂಗಾರದ ಅಂಚು. ಅವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

'ಚೆಂದಾಗದೆ. ಬೆಳಕು ಎತ್ತಗಿಂದ ಬತ್ತದೆ ಇದ್ರಲ್ಲಿ?'

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. 'ಕಂಪ್ಯೂಟರ್ನಿಂದ ಬರುತ್ತೆ ಅಣ್ಣ' ಅಂದೆ.

ಅವರು ನಗಲಿಲ್ಲ. ದೇವರ ಪಟದ ಮುಂದಿದ್ದ ತೆಂಗಿನಕಾಯಿ ತಂದು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟರು. ಬೆಳಗಿನ ಹತ್ತು ಗಂಟೆಯ ಬಿಸಿಲು. 'ನೋಡು. ಈ ಕಡೆ ಒಳೀತದೆ. ಆ ಕಡೆ ಕಪ್ಪು. ನೆಳ್ಳು ಆಚೆಗೆ ಬಿದ್ದದೆ. ಈಗ ನಿನ್ ಅಕ್ಷರ ನೋಡು. ಉಬ್ಬು ಎಡಗಡೆ ಒಳೀತದೆ, ನೆಳ್ಳೂ ಎಡಗಡೇಗೇ ಬಿದ್ದದೆ. ಯಾವ ಊರ್ ಸೂರ್ಯನಮ್ಮಿ ಅದು?' ಆ ಕಾಯಿಯನ್ನು ಸಂಜೆವರೆಗೂ ತೆಗೆಯಲು ಬಿಡಲಿಲ್ಲ. ಗಂಟೆಗೊಮ್ಮೆ ಹೋಗಿ ನೋಡಿ ಬರಬೇಕಿತ್ತು. ಸಂಜೆ ಅದನ್ನು ಒಡೆದು ಚಟ್ನಿಗೆಂದು ಮನೆಗೆ ಕೊಟ್ಟು ಕಳಿಸಿದರು.

ಬೋರ್ಡು ಮಾಡಿಸಲು ಬಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು ಅಳತೆಯನ್ನಲ್ಲ. 'ಬೋರ್ಡು ಯಾವ ಕಡೆಗೆ ಮಕ ಮಾಡ್ಕಂಡದೆ?' ಎಂದು. ಆಮೇಲೆ, 'ಗಿರಾಕಿ ಯಾವೊತ್ನಲ್ಲಿ ಜಾಸ್ತಿ?' ಎಂದು. ಇಡ್ಲಿ ಹೋಟೆಲಾದರೆ ಬೆಳಕು ಮೂಡಲಿಂದ. ಬ್ರಾಂದಿ ಅಂಗಡಿಯಾದರೆ ಪಡುವಲಿಂದ. ಅದಕ್ಕೆ ತಕ್ಕ ಹಾಗೆ ಅಕ್ಷರದ ನೆರಳನ್ನು ತಿರುಗಿಸುತ್ತಿದ್ದರು. ಯಾರಿಗೂ ಇದು ಗೊತ್ತಾಗುತ್ತಿರಲಿಲ್ಲ. ಹೊಸ ಬೇಕರಿಯ ಮಾಲೀಕರೊಬ್ಬರು ಮಾತ್ರ ಇದು ವಾಸ್ತು ಇರಬೇಕೆಂದು ತಿಳಿದು, 'ಈಶಾನ್ಯಕ್ಕೆ ನೆಳ್ಳು ಬೀಳ್ದಂಗೆ ಮಾಡ್ಕೊಡಿ, ಎಷ್ಟಾದ್ರೂ ಆಗ್ಲಿ' ಎಂದು ಹಿಡಿದುಕೊಂಡರು. 'ಆಯ್ತು ಸ್ವಾಮಿ' ಅಂದರು ಅಣ್ಣ. ಅವರು ಹೋದ ಮೇಲೆ ನನ್ನತ್ತ ತಿರುಗಿ, 'ಬನ್ನು ಚೆಂದಾಗಿ ಮಾಡಿದ್ರೆ ಸಾಕು, ಈಶಾನ್ಯ ಏನೂ ಅನ್ನಕ್ಕಿಲ್ಲ' ಅಂದರು.

ಒಮ್ಮೆ ನಾನು ಒಂದು ಸಾಲಿನ ನೆರಳಿನ ಕೋನ ಬದಲಾಯಿಸಿದೆ. ಆ ಡಿಸೈನಿನಲ್ಲಿದ್ದ ಎಲ್ಲ ಸಾಲುಗಳ ನೆರಳೂ ಒಟ್ಟಿಗೆ ತಿರುಗಿತು. ಕೆಟ್ಟುಹೋಯಿತೆಂದು ಹೆದರಿ ಕರೆದೆ. ಸಾಫ್ಟ್‌ವೇರಿನಲ್ಲಿ ಹಾಗೊಂದು ಏರ್ಪಾಡು ಇದೆ, ಎಲ್ಲಕ್ಕೂ ಒಂದೇ ಬೆಳಕು. ಬೇಡವೆಂದರೆ ಟಿಕ್ ತೆಗೆಯಬಹುದು. ಹೆಚ್ಚಿನವರು ತೆಗೆಯುತ್ತಾರೆ. ಅವರು ತೆಗೆಯಲು ಬಿಡಲಿಲ್ಲ. 'ಸೂರ್ಯ ಒಬ್ನೇ ಅಲ್ವೇನಮ್ಮಿ. ಅದು ಸರ್ಯಾಗೇ ಮಾಡ್ಯದೆ. ನಾವೇ ತಪ್ಪು ತಿರುಗ್ಸಿರದು.'

ಅಂಗಡಿಗೆ ಸತ್ತವರ ಫೋಟೋ ಕೆಲಸ ಬಹಳ ಬರುತ್ತಿತ್ತು. ಹಳ್ಳಿಗಳಿಂದ ಬರುವವರ ಕೈಯಲ್ಲಿ ರೇಷನ್ ಕಾರ್ಡು ಇರುತ್ತಿತ್ತು. ಅದರಲ್ಲಿ ಉಗುರಿನಷ್ಟು ದೊಡ್ಡ ಮುಖ, ಮುಖದ ಮೇಲೆ ಆಫೀಸಿನ ಮೊಹರು. ಅದನ್ನು ದೊಡ್ಡದು ಮಾಡಿ ಗೋಡೆಗೆ ಹಾಕುವಂತೆ ಮಾಡಿಕೊಡಬೇಕು. ಅವರು ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಟೀ ತರಿಸುತ್ತಿದ್ದರು. 'ಬೈತಲೆ ನಡೂಕ್ ತಗೀತಿದ್ರ, ವಾರೆಗ?' 'ಮೂಗ್ಬೊಟ್ಟು ಒಂದ್ಕಡೇಕೋ ಎರಡ್ಕಡೇಕೋ?' ಕೇಳುತ್ತಾ ಕೇಳುತ್ತಾ ಮೊಹರಿನ ಮಸಿ ತೆಗೆಯುತ್ತಿದ್ದರು. ಒಬ್ಬ ಮುದುಕರು ಹೆಂಡತಿಯ ಫೋಟೋ ಮಾಡಿಸಲು ಬಂದವರು, ಮೂಗುಬೊಟ್ಟು ಯಾವ ಕಡೆಗಿತ್ತು ಎಂದಾಗ ರೇಷನ್ ಕಾರ್ಡನ್ನೇ ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತು ವರ್ಷ ಬಾಳಿದವರು. ಅಣ್ಣ ಅವರನ್ನು ಎರಡನೇ ಸಲ ಕೇಳಲಿಲ್ಲ. 'ನೀವ್ ಎದ್ರುಗೆ ಕುಂತ್ರೆ ಯಾವ ಕಡೆ ಒಳೀತಿತ್ತು ಅಂತ ಮನೇಗೋಗಿ ಗ್ಯಾನ ಮಾಡ್ಕಳಿ, ನಾಳೀಕೆ ಬನ್ನಿ' ಅಂದರು. ಮುದುಕರು ಮರುದಿನ ಬಸ್ಸಿಳಿದು ನೇರ ಬಂದು, ಕೂರುವ ಮೊದಲೇ, 'ಈ ಕಡೆ' ಎಂದು ತಮ್ಮ ಮೂಗು ಮುಟ್ಟಿ ತೋರಿಸಿದರು.

ಸತ್ತವರ ತಲೆಯ ಹಿಂದೆ ಬೆಳಕಿನ ಚಕ್ರ ಹಾಕಿಕೊಡಿ ಎನ್ನುವವರೇ ಹೆಚ್ಚು. ಅದಕ್ಕೂ ಒಂದು ಎಫೆಕ್ಟು ಇದೆ, ಒಂದು ಟಿಕ್ಕಿನ ಕೆಲಸ. ಅವರು ಹಾಕಿಯೂ ಕೊಡುತ್ತಿದ್ದರು, ಕೊಡುವಾಗ ಒಂದು ಮಾತು ಹೇಳುತ್ತಿದ್ದರು. 'ಮಕದ ಮ್ಯಾಲೆ ಒಂದ್ ಕಡಿಂದ ಬೆಳಕು ಬಿದ್ದದೆ. ಅಂದ್ರೆ ಅವ್ರು ಒಂದ್ ಜಾಗದಲ್ಲಿ ಕುಂತಿದ್ರು. ಇಂದ್ಗಡಿಂದ ಇನ್ನೊಂದ್ ಬೆಳಕು ಕೊಟ್ರೆ ಎಲ್ಲಿ ಕುಂತಿದ್ರು ಅನ್ನದೇ ಗೊತ್ತಾಗಲ್ಲ.' ಕೇಳಿದವರು ತಲೆಯಾಡಿಸಿ, ಚಕ್ರವಿದ್ದದ್ದನ್ನೇ ತೆಗೆದುಕೊಂಡು ಹೋಗುತ್ತಿದ್ದರು.

ಮುಖವನ್ನು ಎಡಬಲ ತಿರುಗಿಸಲು ಮಾತ್ರ ಅವರು ಯಾರಿಗೂ ಒಪ್ಪುತ್ತಿರಲಿಲ್ಲ. ಕನ್ನಡಿಯ ಹಾಗೆ ಮಗುಚಿದರೆ ಹೊರಗಿನವರಿಗೆ ತಿಳಿಯುವುದಿಲ್ಲ, ಮನೆಯವರಿಗೆ ಏನೋ ಸರಿ ಇಲ್ಲವೆಂದು ಕಾಣುತ್ತಲೇ ಇರುತ್ತದೆ ಎನ್ನುತ್ತಿದ್ದರು. ಇನ್ನೊಂದು, ಅಳಿಸುವ ರಬ್ಬರನ್ನು ಮುಟ್ಟಲು ಬಿಡುತ್ತಿರಲಿಲ್ಲ. ಫೋಟೋದಲ್ಲಿ ಬೇಡದ ಭಾಗವನ್ನು ಅಳಿಸಬಹುದು, ಇಲ್ಲವೇ ಅದರ ಮೇಲೆ ಮಾಸ್ಕ್ ಎನ್ನುವ ಮುಸುಕು ಹಾಕಿ ಮರೆಮಾಡಬಹುದು. ಮುಸುಕು ಹಾಕಿದ್ದು ಕಾಣುವುದಿಲ್ಲ, ಆದರೆ ಕೆಳಗೆ ಹಾಗೇ ಇರುತ್ತದೆ. 'ಅಳಿಸ್ಬ್ಯಾಡ, ಮುಚ್ಚು. ಬೇಕಾದಾಗ ತಗೀಬೋದು.' ಬಣ್ಣ ಒಣಗಿದ ಮೇಲೆ ಏನೂ ಮಾಡಲಾಗದ ಕಾಲದಿಂದ ಬಂದವರು ಅವರು. ಟಿಕ್ ತೆಗೆದರೆ ಅಕ್ಷರ ಮೊದಲಿನ ಹಾಗೇ ಸಿಗುತ್ತದಲ್ಲ, ಅದೊಂದು ಅವರಿಗೆ ಕೊನೆಯವರೆಗೂ ಹಳತಾಗಲಿಲ್ಲ.

ಇನ್ನು ನನ್ನ ಕೈಯಿಂದ ಆದದ್ದನ್ನು ಬರೆಯಬೇಕು.

ಡಿಸೈನ್ ಅನ್ನುವುದು ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ. ಒಂದೊಂದು ಹಾಳೆಗೂ ಲೇಯರ್ ಎನ್ನುತ್ತಾರೆ. ಪ್ರತಿ ಲೇಯರಿನ ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ. ಆ ಕಣ್ಣು ಮುಚ್ಚಿದರೆ ಲೇಯರ್ ಕಾಣುವುದಿಲ್ಲ, ಆದರೆ ಇರುತ್ತದೆ. ನಮ್ಮ ಫ್ಲೆಕ್ಸುಗಳು ಪ್ರಿಂಟಾಗುತ್ತಿದ್ದದ್ದು ಮೈಸೂರಿನಲ್ಲಿ. ಡಿಸೈನನ್ನು ಸಿಡಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆ ಬಸ್ಸಿಗೆ ಫ್ಲೆಕ್ಸಿನ ಸುರುಳಿ ಬರುತ್ತಿತ್ತು. ಕಳಿಸುವ ಮೊದಲು ಎಲ್ಲ ಲೇಯರುಗಳನ್ನೂ ಸೇರಿಸಿ ಒಂದೇ ಹಾಳೆ ಮಾಡಬೇಕು. ಅದಾದ ಮೇಲೆ ನೆರಳನ್ನು ಅಕ್ಷರದಿಂದ ಬಿಡಿಸಲಾಗುವುದಿಲ್ಲ. ದಿನಾ ಅದನ್ನು ಮಾಡುತ್ತಿದ್ದವಳು ನಾನು. ಕೈ ತಾನಾಗಿ ಒತ್ತುತ್ತಿತ್ತು.

ಒಂದು ದಿನ ಅವರು ಬಂಡೀಪುರದ ಕಡೆಯ ಹೋಟೆಲೊಂದಕ್ಕೆ ಅಳತೆ ತೆಗೆಯಲು ಹೋಗಿದ್ದರು. ಕಂಪ್ಯೂಟರ್ ಜಾಗ ಸಾಲದು ಎಂದು ನಿಂತುಬಿಟ್ಟಿತು. ಮಧ್ಯಾಹ್ನದ ಬಸ್ಸಿಗೆ ಸಿಡಿ ಕೊಡಬೇಕಿತ್ತು. ಹಳೆಯ ಕೆಲಸಗಳನ್ನು ಒಂದೊಂದಾಗಿ ತೆಗೆದು, ಒಂದೇ ಹಾಳೆ ಮಾಡಿ ಸಣ್ಣದು ಮಾಡುತ್ತಾ ಹೋದೆ. '1' ಎಂದಷ್ಟೇ ಹೆಸರಿದ್ದ ಒಂದು ಫೈಲು ಬಹಳ ದೊಡ್ಡದಿತ್ತು. ತೆರೆದರೆ ಬರೀ ಬೂದು ಬಣ್ಣ. ಪಕ್ಕದಲ್ಲಿ ಲೇಯರುಗಳ ಉದ್ದನೆಯ ಪಟ್ಟಿ, ಒಂದರ ಕಣ್ಣೂ ತೆರೆದಿರಲಿಲ್ಲ. ಯಾವುದೋ ಬಿಟ್ಟುಹೋದ ಕೆಲಸ ಅಂದುಕೊಂಡೆ. ಒತ್ತಿದೆ. ಕಾಣದ ಲೇಯರುಗಳನ್ನು ಎಸೆದುಬಿಡಲೇ ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದು ಒತ್ತಿದೆ. ಸೇವ್ ಮಾಡಿ ಮುಚ್ಚಿದೆ. ಜಾಗ ಆಯಿತು. ಸಿಡಿ ಬಸ್ಸಿಗೆ ಹೋಯಿತು.

ಸಂಜೆ ಅವರು ಬಂದು ಆ ಫೈಲು ತೆರೆದರು. ಮುಚ್ಚಿ ಮತ್ತೆ ತೆರೆದರು. ಎಡಗೈ ಮುಷ್ಟಿ ಮಣಿಕಟ್ಟಿನ ಕೆಳಗೆ ಹಾಗೇ ಇತ್ತು.

'ಇದ್ನ ಮುಟ್ಟಿದ್ಯೇನಮ್ಮಿ?'

'ಜಾಗ ಸಾಲದು ಅಂತು ಅಣ್ಣ. ಖಾಲಿ ಇದೆ ಅಂದ್ಕೊಂಡು ಒಂದೇ ಹಾಳೆ ಮಾಡ್ಬಿಟ್ಟೆ. ಯಾರದು ಅದು?'

'ನಮ್ಮವ್ವುಂದು.'

ಅವರಿಗೆ ಎಂಟು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದರು. ಅರಿಶಿನದ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದ ಹೆಂಗಸು. ರೇಷನ್ ಕಾರ್ಡಿನಲ್ಲೂ ಫೋಟೋ ಇರಲಿಲ್ಲ. ಎರಡು ವರ್ಷದಿಂದ ಅವರು ಆ ಮುಖವನ್ನು ಕಟ್ಟುತ್ತಿದ್ದರಂತೆ. ದೊಡ್ಡವ್ವನ ಮೂಗು, ತಂಗಿಯ ಗದ್ದ, ಯಾರದೋ ಕಿವಿ, ಒಂದೊಂದೂ ಬೇರೆ ಬೇರೆ ಲೇಯರಿನಲ್ಲಿ. ಬೇರೆ ಬೇರೆ ಫೋಟೋಗಳ ಬೆಳಕು ಬೇರೆ ಬೇರೆ ಇತ್ತಲ್ಲ, ಅವನ್ನೆಲ್ಲ ನೆರಳು ಕೊಟ್ಟು, ಹೊಳಪು ಇಳಿಸಿ, ಒಂದೇ ಕಡೆಯ ಬೆಳಕಿಗೆ ತರಬೇಕಿತ್ತು. ಸಂಜೆ ಮನೆಗೆ ಹೊರಡುವಾಗ ಎಲ್ಲ ಕಣ್ಣುಗಳನ್ನೂ ಮುಚ್ಚಿಟ್ಟು ಹೋಗುತ್ತಿದ್ದರು. 'ಅರ್ಧ ಮಾಡಿದ್ ಮಕ ಯಾರೂ ನೋಡ್ಬಾರ್ದು ಅಂತಿದ್ದೆ' ಅಂದರು. ಇನ್ನೊಂದು ಪ್ರತಿ ಇಟ್ಟಿರಲಿಲ್ಲ.

'ತಪ್ಪಾಯ್ತಣ್ಣ' ಅಂದೆ.

'ನೀನೇನ್ ಬೇಕೂಂತ ಮಾಡಿದ್ಯ, ಓಗ್ಲಿ ಬುಡು. ಇಂಗ್ಲೀಷ್ನಲ್ಲಿ ಕೇಳ್ತದಲ್ಲ ಅದು, ನಾನಾಗಿದ್ರೂ ಓದಕ್ಕೆ ಬರ್ದೆ ಒತ್ಬುಡ್ತಿದ್ದೆ.' ಫೈಲು ಮುಚ್ಚಿ, 'ಎರಡು ಟೀ ಏಳಮ್ಮಿ' ಅಂದರು.

ನನಗೆ ಓದಲು ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಟೀ ಕುಡಿದು ಅವರು ಹೋಟೆಲಿನ ಬೋರ್ಡು ಶುರು ಮಾಡಿದರು. ಬಡಗಲಿಗೆ ಮುಖ, ಬೆಳಗಿನ ಗಿರಾಕಿ. 'ಕಂಟ್ರೋಲ್ ಒತ್ಕಮ್ಮಿ' ಅಂದರು. ಒತ್ತಿ ಹಿಡಿದುಕೊಂಡೆ.

ಆಮೇಲೆ ಎರಡು ವರ್ಷ ಅಲ್ಲೇ ಇದ್ದೆ. ಆ ಮಾತು ಮತ್ತೆ ಬರಲಿಲ್ಲ. ನಡುವೆ ಅಂಗಡಿಗೊಂದು ಡಿಜಿಟಲ್ ಕ್ಯಾಮೆರಾ ಬಂತು. ಒಂದು ಬೆಳಿಗ್ಗೆ, 'ಆ ಕಿಟಕಿ ತಾವು ಕುಂತ್ಕಮ್ಮಿ, ಇದು ಎಂಗ್ ತಗೀತದೆ ನೋಡನ' ಎಂದು ನನ್ನದೊಂದು ಫೋಟೋ ತೆಗೆದರು. 'ನಗ್ಬ್ಯಾಡ. ಸುಮ್ಕೆ ಅತ್ತಗೆ ನೋಡು.' ಫೋಟೋ ನನಗೆ ತೋರಿಸಲಿಲ್ಲ. ಚೆನ್ನಾಗಿ ಬಂದಿರಲಿಕ್ಕಿಲ್ಲ ಅಂದುಕೊಂಡೆ. ನಿಮ್ಮದೂ ಒಂದು ತೆಗೆಯುತ್ತೇನೆ ಎಂದಾಗ, 'ನನ್ ಮಕ ಯಾರ್ಗೆ ಬೇಕಾಗದೆ' ಅಂದರು. ಮದುವೆಯಾಗಿ ನಾನು ಚಾಮರಾಜನಗರಕ್ಕೆ ಹೋದೆ. ಬಂಡೀಪುರದಲ್ಲಿ ರಾತ್ರಿ ಗಾಡಿಗಳ ಓಡಾಟ ನಿಲ್ಲಿಸಿದ ಮೇಲೆ ರಸ್ತೆಯ ಹೋಟೆಲುಗಳ ಬೋರ್ಡು ಕಡಿಮೆಯಾಗಿದೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದರು. ನಾವು ಮಾತಾಡಿದ್ದು ಅದೇ ಕೊನೆ.

ಬೀಗದ ಕೈ ತೆಗೆದುಕೊಂಡು ಮರುದಿನ ಅಂಗಡಿಗೆ ಹೋದೆ. ಮೇಜಿನ ಅಂಚಿನಲ್ಲಿ ಅವರ ಎಡಗೈ ಊರುತ್ತಿದ್ದ ಕಡೆ ಬಣ್ಣ ಸವೆದಿತ್ತು. ಅವರ ಫೋಟೋ ಎಲ್ಲಾದರೂ ಇದ್ದೀತೆಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಮದುವೆಗಳು, ಗೃಹಪ್ರವೇಶಗಳು, ಊರಿನ ಸತ್ತವರೆಲ್ಲರೂ ಇದ್ದರು. ಅವರೊಬ್ಬರು ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ '2' ಎಂದು ಹೆಸರಿದ್ದ ಒಂದು ಫೈಲು ಸಿಕ್ಕಿತು. ಬಹಳ ದೊಡ್ಡದು. ತೆರೆದರೆ ಬರೀ ಬೂದು ಬಣ್ಣ. ಎಲ್ಲ ಕಣ್ಣುಗಳೂ ಮುಚ್ಚಿದ್ದವು.

ಈ ಸಲ ಯಾವುದನ್ನೂ ಒತ್ತಲಿಲ್ಲ. ಮೌಸಿನಿಂದ ಕೈ ತೆಗೆದೆ. ಆಮೇಲೆ ಕೆಳಗಿನಿಂದ ಒಂದೊಂದೇ ಕಣ್ಣು ತೆರೆಯುತ್ತಾ ಬಂದೆ.

ಕುತ್ತಿಗೆ ಬಂತು. ಕಿವಿ ಬಂತು. ಮೂಗು, ಗದ್ದ. ಲೇಯರುಗಳ ಹೆಸರನ್ನು ಇಂಗ್ಲಿಷ್ ಅಕ್ಷರ ಕೂಡಿಸಿ ಕನ್ನಡದಲ್ಲೇ ಬರೆದಿದ್ದರು. ಹಾಗೆ ಬರೆಯಲು ಕಲಿಸಿದ್ದು ನಾನು. ಕೆನ್ನೆಯ ಲೇಯರಿಗೆ ನನ್ನ ಹೆಸರಿತ್ತು. ಕಿಟಕಿಯ ಹತ್ತಿರ ಕೂರಿಸಿ ತೆಗೆದಿದ್ದ ಆ ಫೋಟೋದಿಂದ ಬರೀ ಕೆನ್ನೆಯನ್ನು ಉಳಿಸಿ ಮಿಕ್ಕದ್ದಕ್ಕೆಲ್ಲ ಮುಸುಕು ಹಾಕಿದ್ದರು. ಒಂದೊಂದಕ್ಕೂ ನೆರಳು ಎಷ್ಟು ಬೇಕೋ ಅಷ್ಟೇ, ಎಲ್ಲಿ ಕೂಡಿದೆ ಎಂದು ಹೇಳಲಾಗದಷ್ಟು. ಹೆಂಗಸೊಬ್ಬಳು ಪರದೆಯ ಮೇಲೆ ಬಂದಿದ್ದಳು. ಬಾಯಿ ಇರಲಿಲ್ಲ. ಬಾಯಿ ಎಂದು ಹೆಸರಿದ್ದ ಒಂದು ಲೇಯರ್ ಇತ್ತು. ತೆರೆದರೆ ಅದರಲ್ಲಿ ಏನೂ ಇರಲಿಲ್ಲ.

ಎಲ್ಲಕ್ಕಿಂತ ಮೇಲಿದ್ದದ್ದು ಹಣೆ ಮತ್ತು ಕಣ್ಣು. ಹೆಸರಿನ ಜಾಗದಲ್ಲಿ 'ನಾನು' ಎಂದಿತ್ತು.

ಅದಕ್ಕೂ ಮುಸುಕಿತ್ತು. ಒಂದು ಕೈಯಲ್ಲಿ ಕೀ ಒತ್ತಿ ಹಿಡಿದು, ಇನ್ನೊಂದರಲ್ಲಿ ಮುಸುಕನ್ನು ಸರಿಸಿದೆ.

ಅವರು ಪೂರ್ತಿ ಬಂದರು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ತಾವೇ ತೆಗೆದುಕೊಂಡದ್ದಿರಬೇಕು. ಅವತ್ತು ಕ್ಷೌರ ಮಾಡಿಕೊಂಡಿದ್ದರು. ಶರಟಿನ ಮೇಲಿನ ಗುಂಡಿ ಹಾಕಿತ್ತು. ಕ್ಯಾಮೆರಾ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ಬೆಳಗಿನ ಬೆಳಕು, ಫೋಟೋ ನೋಡುವವರ ಬಲಗಡೆಯಿಂದ. ಮೂಗಿನ ನೆರಳು ಎಡಗಡೆಗೆ ಕಾಣುವ ಕೆನ್ನೆಯ ಮೇಲೆ ಸಣ್ಣದಾಗಿ ಬಿದ್ದಿತ್ತು.

ಅದೊಂದು ಲೇಯರನ್ನು ಬೇರೆ ಫೈಲಿಗೆ ತೆಗೆದುಕೊಂಡೆ. ಮೂಲ ಫೈಲಿನಲ್ಲಿ ಮುಸುಕನ್ನು ಮೊದಲಿನ ಹಾಗೇ ಮುಚ್ಚಿ, ಎಲ್ಲ ಕಣ್ಣುಗಳನ್ನೂ ಮೇಲಿನಿಂದ ಕೆಳಗೆ ಒಂದೊಂದಾಗಿ ಮುಚ್ಚಿದೆ. ಆ ಫೈಲನ್ನು ಎರಡು ಸಿಡಿಗೆ ಹಾಕಿದೆ. ಎರಡೂ ನನ್ನ ಹತ್ತಿರ ಇವೆ. ಯಾರಿಗೂ ತೋರಿಸಿಲ್ಲ.

ಫೋಟೋದ ಒಂದು ಸಣ್ಣ ಪ್ರತಿ ತೆಗೆದುಕೊಂಡು ಮನೆಗೆ ಹೋದೆ. ಅಕ್ಕ ಎರಡೂ ಕೈಯಲ್ಲಿ ಹಿಡಿದು ನೋಡಿದರು. 'ಎಲ್ಲಿತ್ತಮ್ಮಿ ಇದು?' ಅಂದರು.

'ಅಂಗಡೀಲೇ ಇತ್ತಕ್ಕ.'

ಅಕ್ಕನ ತಮ್ಮ ಇಣುಕಿ ನೋಡಿ, 'ಚೆಂದಾಗದೆ. ತಲೆ ಇಂದ್ಗಡೆ ಬೆಳಕೊಂದು ಆಕ್ಬುಡಿ, ದೇವ್ರಂಗೆ ಕಾಣ್ಲಿ' ಅಂದರು.

'ಸುಮ್ಕಿರ್ಲಾ' ಅಂದರು ಅಕ್ಕ. 'ಅದ್ನ ಕಂಡ್ರೆ ಅವ್ರಿಗೆ ಆಯ್ತಿರ್ನಿಲ್ಲ.'

ನಾನು ಎದ್ದು ನಡುಮನೆಯನ್ನು ನೋಡಿದೆ. ಒಂದೇ ಕಿಟಕಿ. 'ಎಲ್ಲಿಗಾಕ್ತೀರಕ್ಕ?' ಎಂದು ಕೇಳಿದೆ. ಅವರು ಮೊಳೆ ಇದ್ದ ಗೋಡೆ ತೋರಿಸಿದರು. ಅದರ ಮುಂದೆ ನಿಂತರೆ ಕಿಟಕಿ ಎಡಕ್ಕೆ ಬರುತ್ತಿತ್ತು. ಫೋಟೋವನ್ನು ಎಡಬಲ ಮಗುಚಿದರೆ ಸರಿಹೋಗುತ್ತಿತ್ತು. ಒಂದು ನಿಮಿಷದ ಕೆಲಸ, ಬಂದವರಿಗೆ ಯಾರಿಗೂ ತಿಳಿಯುತ್ತಿರಲಿಲ್ಲ.

'ಅಲ್ಲಿ ಬೇಡ ಅಕ್ಕ. ಇವರಿಗೆ ಬೆಳಕು ಈ ಕಡೆಯಿಂದ ಬರಬೇಕು. ಎದುರು ಗೋಡೆಗೆ ಹಾಕಿ.'

'ಆ ಗೋಡೇಲಿ ಟೀವಿ ಅದಲ್ಲ?' ಅಂದರು ತಮ್ಮ.

ಅಕ್ಕ ಫೋಟೋ ನೋಡಿದರು, ಕಿಟಕಿ ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದು, ಟೀವಿಯ ಒಂದು ಬದಿಗೆ ಕೈ ಹಾಕಿ, 'ಆ ಕಡೆ ಇಡ್ಕಳ್ಳಾ' ಅಂದರು.